ತಾಯಿಯ ಹೆಸರನ್ನು ಬಿಟ್ಟುಬಿಡಿ



2017ರ ಏಪ್ರಿಲ್ 13 ಪವಿತ್ರ ಗುರುವಾರವಾಗಿತ್ತು. ಅಂದು ರಾತ್ರಿ ಎಂಟೂವರೆಗೆ ನೀವು ಎಲ್ಲಿದ್ದಿರೆಂದು ನೆನಪಿಸಿಕೊಳ್ಳುವುದು ಕಷ್ಟವಲ್ಲ. ಬಹುಶಃ ದೇವಾಲಯದಲ್ಲಿದ್ದಿರಿ. ಪಾದ ತೊಳೆಯುವ ವಿಧಿ ಮುಗಿದಿತ್ತು, ಬಲಿಪೀಠದ ವಸ್ತ್ರಗಳನ್ನು ತೆಗೆದಾಗಿತ್ತು, ನೀವು ಮೌನ ಆರಾಧನೆಗೆ ಮೊಣಕಾಲೂರಿದ್ದಿರಿ. ಅಫ್ಘಾನಿಸ್ತಾನದಲ್ಲಿ ಆಗ ಸಂಜೆ ಏಳೂವರೆ. ಅದೇ ಹೊತ್ತಿನಲ್ಲಿ ಅಲ್ಲಿನ ನಂಗರ್‌ಹಾರ್ ಪ್ರಾಂತ್ಯದ ಅಚಿನ್ ಜಿಲ್ಲೆಯ ಕಣಿವೆಯೊಂದರ ಮೇಲೆ ಅಮೆರಿಕದ ವಿಮಾನವೊಂದು ಸುಮಾರು 9,800 ಕಿಲೋಗ್ರಾಂ ತೂಕದ ಬಾಂಬನ್ನು ಜಾರಿಸಿ ಬಿಟ್ಟಿತು. ಐಸಿಸ್ ಉಗ್ರರ ಸುರಂಗಗಳು ಅದರ ಗುರಿಯಾಗಿದ್ದವು. ಮರುದಿನ ಶುಭ ಶುಕ್ರವಾರ. ಜಗತ್ತಿನ ಪತ್ರಿಕೆಗಳೆಲ್ಲ ಆ ಬಾಂಬನ್ನು ಒಂದೇ ಹೆಸರಿನಿಂದ ಕರೆದವು. ನಮ್ಮ ಕನ್ನಡದಲ್ಲಿಯೂ ಅದು ತಡವಿಲ್ಲದೆ ‘ಬಾಂಬುಗಳ ತಾಯಿ’ ಆಯಿತು.

ಈ ಹೆಸರಿನ ವಿರುದ್ಧವೇ ನನ್ನ ಈ ಬರೆಹ. ಹೆಸರಿನಲ್ಲೇನಿದೆ ಎನ್ನಬೇಡಿ. ಆದಾಮನಿಗೆ ದೇವರು ವಹಿಸಿದ ಮೊದಲ ಕೆಲಸಗಳಲ್ಲಿ ಒಂದು, ಪ್ರಾಣಿಪಕ್ಷಿಗಳಿಗೆ ಹೆಸರಿಡುವುದು. ಹೆಸರಿಡುವವನು ಹೊಣೆಯನ್ನೂ ಹೊರುತ್ತಾನೆ. ಕೊಲ್ಲುವ ಯಂತ್ರಕ್ಕೆ ಹೆತ್ತವಳ ಹೆಸರಿಡುವವನು ಯಾವ ಹೊಣೆಯನ್ನು ಹೊತ್ತಿದ್ದಾನೆ?

ಇಂಥ ಬಾಂಬುಗಳ ವಂಶಾವಳಿಯನ್ನು ಒಮ್ಮೆ ನೋಡಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಂಜಿನಿಯರ್ ಬಾರ್ನೆಸ್ ವಾಲಿಸ್ ಎರಡು ಭಾರಿ ಬಾಂಬುಗಳನ್ನು ರೂಪಿಸಿದರು. ನೆಲದಾಳಕ್ಕೆ ಇಳಿದು, ಅಲ್ಲಿ ಸಿಡಿದು, ಭೂಕಂಪದಂತೆ ಅಡಿಪಾಯವನ್ನೇ ಅಲುಗಿಸುವುದು ಅವುಗಳ ಕೆಲಸ. 1944ರಲ್ಲಿ ಬಂದ ಐದೂವರೆ ಟನ್ ತೂಕದ ಬಾಂಬಿನ ಹೆಸರು ‘ಟಾಲ್‌ಬಾಯ್’, ಅಂದರೆ ಎತ್ತರದ ಹುಡುಗ. 1945ರ ಮಾರ್ಚ್ 14ರಂದು ಜರ್ಮನಿಯ ಬೀಲೆಫೆಲ್ಡ್ ರೈಲುಸೇತುವೆಯನ್ನು ಕೆಡವಿದ ಹತ್ತು ಟನ್ನಿನ ಬಾಂಬಿನ ಹೆಸರು ‘ಗ್ರಾಂಡ್ ಸ್ಲಾಮ್’, ಇಸ್ಪೀಟಿನ ಮೇಜಿನ ಮೇಲಿನ ಮಾತು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಇಳಿಯಲು ಕಾಡನ್ನು ನೆಲಸಮ ಮಾಡುತ್ತಿದ್ದ 6,800 ಕಿಲೋಗ್ರಾಂ ಬಾಂಬಿಗೆ ‘ಡೈಸಿ ಕಟರ್’ ಎಂಬ ಅಡ್ಡಹೆಸರು. ಡೈಸಿ ಎಂಬುದು ಸೇವಂತಿಗೆಯ ಬಳಗದ ಪುಟ್ಟ ಹೂವು. ಮರ ಉರುಳಿಸಲು ಬಂದದ್ದು ಮನುಷ್ಯರತ್ತ ತಿರುಗಲು ತಡವಾಗಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿಯೂ 2001ರಲ್ಲಿ ಅಫ್ಘಾನಿಸ್ತಾನದಲ್ಲಿಯೂ ಅದು ಸೈನಿಕರ, ಹೋರಾಟಗಾರರ ಮೇಲೆ ಬಿದ್ದಿತು. 2003ರಲ್ಲಿ ಅಮೆರಿಕದ ‘ತಾಯಿ’ ಬಂದಳು. 2007ರಲ್ಲಿ ರಷ್ಯಾ ಅದಕ್ಕಿಂತ ನಾಲ್ಕು ಪಟ್ಟು ಬಲಶಾಲಿಯೆಂದು ಹೇಳಿಕೊಂಡ ಬಾಂಬನ್ನು ಪರೀಕ್ಷಿಸಿ ಅದನ್ನು ‘ತಂದೆ’ ಎಂದು ಕರೆಯಿತು. ಹುಡುಗ, ಆಟ, ಹೂವು, ತಾಯಿ, ತಂದೆ! ಓದುಗರೇ, ಇದು ಶಸ್ತ್ರಾಗಾರವೋ, ನಮ್ಮ ನಿಮ್ಮ ಮನೆಯೋ?

ಈ ‘ತಾಯಿ’ ಮಾಡುವ ಕೆಲಸವೇನೆಂದೂ ತಿಳಿದಿರಬೇಕು. ಅವಳ ಒಡಲಲ್ಲಿ ಸುಮಾರು 8,500 ಕಿಲೋಗ್ರಾಂ ಸ್ಫೋಟಕವಿದೆ; ಹನ್ನೊಂದು ಟನ್ ಟಿ.ಎನ್.ಟಿ.ಗೆ ಸಮನಾದ ಶಕ್ತಿ. ಅವಳು ನೆಲವನ್ನು ಕೊರೆಯುವುದಿಲ್ಲ, ನೆಲದ ಮೇಲೆಯೇ ಸಿಡಿಯುತ್ತಾಳೆ. ಕಟ್ಟಡ ಉರುಳುವುದು, ಎದೆಗೂಡಿನೊಳಗಿನ ಶ್ವಾಸಕೋಶ ಹರಿಯುವುದು ಗಾಳಿಯ ಒತ್ತಡದಿಂದಲೇ. ಆ ಅಲೆ ಸುರಂಗದೊಳಕ್ಕೂ ನುಗ್ಗುತ್ತದೆ. ದೇವರು ಮಣ್ಣಿನ ಮನುಷ್ಯನ ಮೂಗಿಗೆ ಜೀವಶ್ವಾಸವನ್ನು ಊದಿದನೆಂದು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಈ ಯಂತ್ರ ಅದೇ ಗಾಳಿಯಿಂದ ಅದೇ ಉಸಿರನ್ನು ನಿಲ್ಲಿಸುತ್ತದೆ.

ಅಧಿಕೃತ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಸೈನಿಕರು ಅದನ್ನು ‘ಮೋವಾಬ್’ ಎನ್ನುತ್ತಾರೆ. ಬೈಬಲ್ ಓದುವವರಿಗೆ ಮೋವಾಬ್ ರೂತಳ ತವರುನಾಡು. ಗಂಡನನ್ನು ಕಳೆದುಕೊಂಡರೂ ಮುದಿ ಅತ್ತೆಯ ಕೈಬಿಡದೆ, ಪರದೇಶದಲ್ಲಿ ತೆನೆ ಆಯ್ದು ಸಾಕಿದವಳು ಅವಳು. ಮತ್ತಾಯನು ಬರೆದ ಪ್ರಭುವಿನ ವಂಶಾವಳಿಯಲ್ಲಿ ಹೆಸರು ಪಡೆದ ತಾಯಿ. ಅಕ್ಷರಗಳ ಹೊಂದಿಕೆ ಆಕಸ್ಮಿಕವಿರಬಹುದು. ಆದರೂ ಆ ಹೆಸರು ಕೇಳಿದಾಗ ನಮಗೆ ಯಾರು ನೆನಪಾಗಬೇಕು?

ಇದಕ್ಕೆ ಆಕ್ಷೇಪಗಳಿವೆ, ಬಲ್ಲೆ. ‘ತಾಯಿ’ ಎಂದರೆ ಇಲ್ಲಿ ಎಲ್ಲಕ್ಕಿಂತ ದೊಡ್ಡದು ಎಂದಷ್ಟೇ ಅರ್ಥ. 1991ರಲ್ಲಿ ಸದ್ದಾಂ ಹುಸೇನ್ ತನ್ನ ಯುದ್ಧವನ್ನು ಯುದ್ಧಗಳ ತಾಯಿ ಎಂದು ಕರೆದ ಅರಬ್ಬೀ ನುಡಿಗಟ್ಟಿನಿಂದ ಇದು ಬಂದಿದೆ ಎನ್ನುತ್ತಾರೆ. ಇರಲಿ. ನುಡಿಗಟ್ಟು ನಿರಪರಾಧಿಯಾಗಿರಬಹುದು, ಅದನ್ನು ಬಳಸಿದ ಉದ್ದೇಶ ನಿರಪರಾಧಿಯಲ್ಲ. ಈ ಬಾಂಬಿನ ಮೊದಲ ಪರೀಕ್ಷೆ ನಡೆದದ್ದು 2003ರ ಮಾರ್ಚ್ 11ರಂದು ಫ್ಲೋರಿಡಾದಲ್ಲಿ, ಇರಾಕ್ ಯುದ್ಧಕ್ಕೆ ಒಂಬತ್ತೇ ದಿನಗಳ ಮುಂಚೆ. ಎದುರಾಳಿಯನ್ನು ಹೆದರಿಸಲೆಂದೇ ಅದನ್ನು ಜಗತ್ತಿಗೆ ತೋರಿಸಿದರು. ಹೆಸರೂ ಆ ಪ್ರದರ್ಶನದ ಒಂದು ಭಾಗ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಐಸಿಸ್ ಉಗ್ರರು ನಿರ್ದಯಿಗಳಲ್ಲವೇ? ಹೌದು. ಅಚಿನ್‌ನ ಹಳ್ಳಿಗರೇ ಅವರಿಂದ ಮೊದಲು ನರಳಿದವರು. ಬಡವರನ್ನು ಅವರಿಂದ ಕಾಪಾಡುವುದು ಧರ್ಮ. ಆದರೆ ಆ ಬಾಂಬು ಕಾಪಾಡಿತೇ? ಸತ್ತವರು 36 ಎಂದು ಅಫ್ಘನ್ ಅಧಿಕಾರಿಗಳು ಮೊದಲು ಹೇಳಿದರು, ಎರಡೇ ದಿನಗಳಲ್ಲಿ ಆ ಸಂಖ್ಯೆ 90ನ್ನು ದಾಟಿತು. ಎಲ್ಲರೂ ಉಗ್ರರೇ ಎಂದರು. ಆ ಗುಂಪು ಅಲ್ಲಿಗೆ ಅಳಿಯಲಿಲ್ಲ. 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನನಿಲ್ದಾಣದ ದ್ವಾರದಲ್ಲಿ ದೇಶ ಬಿಡಲು ಕಾದು ನಿಂತಿದ್ದ ಜನರನ್ನು ಕೊಂದದ್ದು ಅದೇ ಗುಂಪು. ಅತಿ ದೊಡ್ಡ ಬಾಂಬಿನಿಂದ ಆದದ್ದು ಅತಿ ದೊಡ್ಡ ಸುದ್ದಿ ಮಾತ್ರ.

ಮೂರನೆಯ ಮಾತು ಎಲ್ಲಕ್ಕಿಂತ ಅಪಾಯಕಾರಿ: ಇದು ಅಣುಬಾಂಬಲ್ಲವಲ್ಲ, ‘ಸಾಂಪ್ರದಾಯಿಕ’ ಅಸ್ತ್ರ ತಾನೇ! ಗಮನಿಸಿ, ಸಾಂಪ್ರದಾಯಿಕ ಎಂಬುದು ನಾವು ಮದುವೆಯ ಸೀರೆಗೆ, ಹಬ್ಬದ ಅಡುಗೆಗೆ ಬಳಸುವ ಮಾತು. ಆ ಮರ್ಯಾದೆಯ ಮಾತಿನ ಮರೆಯಲ್ಲಿ ಹತ್ತು ಟನ್ ಸಾವು ನಡುಮನೆಗೆ ಬಂದು ಕುಳಿತಿದೆ. ರಷ್ಯಾದ ಸೇನೆಯಂತೂ ತನ್ನ ಬಾಂಬು ಪರಿಸರವನ್ನು ಕೆಡಿಸುವುದಿಲ್ಲವೆಂದು ಹೊಗಳಿಕೊಂಡಿತು. ಮನುಷ್ಯನು ಪರಿಸರದ ಲೆಕ್ಕಕ್ಕೆ ಬರುವುದಿಲ್ಲವೇನೋ!

ಇವರ ಪಕ್ಕದಲ್ಲಿ ಬಾರ್ನೆಸ್ ವಾಲಿಸ್ ಅವರನ್ನು ನಿಲ್ಲಿಸಿ ನೋಡಿ. 1943ರಲ್ಲಿ ಅವರದೇ ಇನ್ನೊಂದು ಬಾಂಬಿನಿಂದ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೋದ 133 ವೈಮಾನಿಕರಲ್ಲಿ 53 ಮಂದಿ ಮರಳಿ ಬರದೆ ಸತ್ತರು. ಕೆಳಗೆ ಪ್ರವಾಹದಲ್ಲಿ ಸಾವಿರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅವರಲ್ಲಿ ನೂರಾರು ಮಂದಿ ಪರದೇಶಗಳಿಂದ ಎಳೆತಂದ ಬಲವಂತದ ಕೂಲಿಗಳು. ವೈಮಾನಿಕರ ಸಾವು ವಾಲಿಸರನ್ನು ಕೊನೆಯವರೆಗೂ ಕಾಡಿತು. ಯುದ್ಧಕಾಲದ ಸಂಶೋಧನೆಗಾಗಿ ಬಂದ 10,000 ಪೌಂಡ್ ಬಹುಮಾನವನ್ನು ಅವರು ವಾಯುಪಡೆಯವರ ಮಕ್ಕಳ ಓದಿಗಾಗಿ ತಾವು ಕಲಿತ ಶಾಲೆಗೇ ಕೊಟ್ಟುಬಿಟ್ಟರು. ಅವರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಬಾಂಬಿನ ಬೆಲೆಯನ್ನು ತೆತ್ತವರ ಮುಖಗಳು ಅವರಿಗೆ ಕಾಣುತ್ತಿದ್ದವು. ಮುದ್ದಿನ ಹೆಸರು ಅಳಿಸಿಹಾಕುವುದು ಆ ಮುಖಗಳನ್ನೇ.

2017ರ ಮೇ 6ರಂದು ಜಗದ್ಗುರು ಫ್ರಾನ್ಸಿಸರು ವಿದ್ಯಾರ್ಥಿಗಳೊಡನೆ ಮಾತನಾಡುತ್ತಾ, ಈ ಹೆಸರು ಕೇಳಿ ತಮಗೆ ನಾಚಿಕೆಯಾಯಿತೆಂದರು. ತಾಯಿ ಜೀವ ಕೊಡುತ್ತಾಳೆ, ಇದು ಸಾವನ್ನು ಕೊಡುತ್ತದೆ ಎಂದು ಎಳೆಯರ ಮುಂದೆಯೇ ನೊಂದು ನುಡಿದರು. ನಮಗೆ ಆ ನಾಚಿಕೆಯಾಯಿತೇ? 2025ರ ಜೂನ್ 22ರ ಭಾನುವಾರ ನಾವು ಪರಮಪ್ರಸಾದದ ಹಬ್ಬವನ್ನು ಆಚರಿಸಿದೆವು. ಅದೇ ದಿನ ಇರಾನಿನ ಫೊರ್ದೊ ಮತ್ತು ನತಾಂಜ್‌ಗಳ ಮೇಲೆ ಅಮೆರಿಕ ತಲಾ 13,600 ಕಿಲೋಗ್ರಾಂ ತೂಕದ ಹದಿನಾಲ್ಕು ಬಾಂಬುಗಳನ್ನು ಹಾಕಿತು. ಪೂಜೆಯಿಂದ ಮರಳಿ ಟಿ.ವಿ. ಮುಂದೆ ಕುಳಿತ ನಮ್ಮಲ್ಲಿ ಎಷ್ಟು ಮಂದಿ ಕ್ರಿಕೆಟ್ ಸ್ಕೋರಿನಂತೆ ಆ ತೂಕವನ್ನು, ಅದು ಇಳಿಯುವ ಆಳವನ್ನು ಮಕ್ಕಳಿಗೆ ಬಣ್ಣಿಸಿದೆವು? ಬಾಂಬನ್ನು ನಾವು ಹಾಕಲಿಲ್ಲ, ನಿಜ. ಬೆರಗನ್ನು ಮಾತ್ರ ಧಾರಾಳವಾಗಿ ಕೊಟ್ಟೆವು.

ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂದ ನಾಡು ನಮ್ಮದು. ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ನಿಮ್ಮ ಮನೆಯಲ್ಲಿ, ಧರ್ಮೋಪದೇಶದ ತರಗತಿಯಲ್ಲಿ ಆ ಯಂತ್ರವನ್ನು ತಾಯಿಯೆಂದು ಕರೆಯಬೇಡಿ. ಮಕ್ಕಳು ಕರೆದರೆ ತಿದ್ದಿ. ಅದು ಬಾಂಬು, ಕೊಲ್ಲುವುದು ಅದರ ಕೆಲಸ ಎಂದಷ್ಟೇ ಹೇಳಿ. ಮುಂದಿನ ಪವಿತ್ರ ಗುರುವಾರ ಆರಾಧನೆಗೆ ಕುಳಿತಾಗ, ಅಂಥದೇ ರಾತ್ರಿ ತೋಟದಲ್ಲಿ ಯೇಸುಸ್ವಾಮಿ ಪೇತ್ರನಿಗೆ ಕತ್ತಿಯನ್ನು ಒರೆಗೆ ಸೇರಿಸಲು ಹೇಳಿ, ತಮ್ಮನ್ನು ಬಂಧಿಸಲು ಬಂದವನ ಕಿವಿಯನ್ನು ಮುಟ್ಟಿ ವಾಸಿಮಾಡಿದ್ದನ್ನು ನೆನೆಯಿರಿ. ಅಚಿನ್ ಕಣಿವೆಯ ತಾಯಂದಿರನ್ನೂ ನೆನೆಯಿರಿ. ಆ ಹೆಸರು ಸಲ್ಲಬೇಕಾದದ್ದು ಅವರಿಗೆ.