ಘಟ್ಟದ ಹೊಗೆಗೆ ಬಯಲಿನಲ್ಲಿ ಮದ್ದು

ಅರಬೈಲು ಘಟ್ಟವನ್ನು ಏರುವ ಲಾರಿ ಕಪ್ಪು ಹೊಗೆ ಉಗುಳಿದಾಗ ಅದನ್ನು ಉಸಿರಾಡುವವರು ರಸ್ತೆಯಂಚಿನ ಊರುಗಳ ನಾವು. ಆದರೆ ಆ ಹೊಗೆ ಹುಟ್ಟುವುದು ಘಟ್ಟದ ತಿರುವಿನಲ್ಲಲ್ಲ. ಎಷ್ಟೋ ಸಲ ಅದರ ಮೂಲವಿರುವುದು ಎಂಜಿನ್ನಿನ ತಲೆಯಲ್ಲಿ ಕುಳಿತ, ಗೇಣುದ್ದದ ಒಂದು ಉಪಕರಣದಲ್ಲಿ. ಅದರ ಹೆಸರು ಇಂಜೆಕ್ಟರ್. ಸೊಲ್ಲಾಪುರದಿಂದ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅಂಕೋಲೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಬಯಲುಸೀಮೆಯನ್ನೂ ಮಲೆನಾಡನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗ್ಯಾರೇಜುಗಳಲ್ಲಿ ನಡೆಯುವ ಅಥವಾ ನಡೆಯದೆ ಉಳಿಯುವ ಕೆಲಸ ನಮ್ಮ ಕಾಡಿನ ವಿಷಯವೂ ಹೌದು.

ಅದಿರಿನ ಲಾರಿಗಳ ಕಾಲವನ್ನು ಈ ಸೀಮೆ ಮರೆತಿಲ್ಲ. ರಾಜ್ಯ ಸರ್ಕಾರ 2010ರಲ್ಲಿ ಅದಿರಿನ ರಫ್ತನ್ನು ನಿಷೇಧಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿತು. ಬೇಲೆಕೇರಿಯತ್ತ ಸಾಗುತ್ತಿದ್ದ ಸಾಲು ಕರಗಿತು. ಆದರೆ ಲಾರಿಗಳು ನಿಲ್ಲಲಿಲ್ಲ, ನಿಲ್ಲಲೂ ಬಾರದು. ಕೃಷ್ಣೆ ಮತ್ತು ಭೀಮೆಯ ನಡುವಿನ ಆ ನಾಡಿನಲ್ಲಿ ಆಲಮಟ್ಟಿಯ ನೀರು ಕಬ್ಬನ್ನು ಹಬ್ಬಿಸಿದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿಯ ಲಿಂಬೆ ದೂರದ ಮಾರುಕಟ್ಟೆಗಳನ್ನು ಸೇರಬೇಕು. ತೊಗರಿ, ಗೊಬ್ಬರ, ಸಿಮೆಂಟು ಎಲ್ಲವೂ ಡೀಸೆಲ್ಲಿನ ಬೆನ್ನೇರಿಯೇ ಬರುತ್ತವೆ. ರೈತನ ಬೆಳೆ ಸಾಗಿಸುವ ವಾಹನವನ್ನು ಶತ್ರುವೆಂದು ಕರೆಯುವುದು ನಮ್ಮ ಚಳವಳಿಯ ಧರ್ಮವಲ್ಲ. ಅದು ಶುದ್ಧವಾಗಿ ಉರಿಯಲಿ ಎಂದು ಕೇಳುವುದು ಮಾತ್ರ ನಮ್ಮ ಹಕ್ಕು.

ಇಂಜೆಕ್ಟರಿನ ಕೆಲಸ ಹೇಳುವುದಕ್ಕೆ ಸರಳ. ಪಂಪು ಒತ್ತಿ ಕಳಿಸಿದ ಡೀಸೆಲ್ಲನ್ನು ಮಂಜಿನಂತೆ ನುಣ್ಣಗೆ ಒಡೆದು, ಕುದಿಬಿಸಿಯ ಗಾಳಿಯೊಳಕ್ಕೆ ಸರಿಯಾದ ಗಳಿಗೆಯಲ್ಲಿ ಸಿಂಪಡಿಸುವುದು. ಇದಕ್ಕಾಗಿ ಅದರ ನಾಜಲ್‌ನೊಳಗಿನ ಸೂಜಿ ಕೆಲವೇ ಮೈಕ್ರಾನುಗಳ ಸಂದಿನಲ್ಲಿ ಮೇಲೆ ಕೆಳಗೆ ಆಡಬೇಕು. ನಮ್ಮ ತಲೆಗೂದಲಿನ ದಪ್ಪ ಅದರ ಹತ್ತು ಪಟ್ಟಿಗಿಂತ ಹೆಚ್ಚು. ಧೂಳು, ನೀರು, ಕಲಬೆರಕೆಯ ಸೀಮೆಎಣ್ಣೆ ಈ ಸೂಜಿಯ ವೈರಿಗಳು. ನೀರು ತುಕ್ಕು ಹಿಡಿಸುತ್ತದೆ, ಸೀಮೆಎಣ್ಣೆ ಜಿಡ್ಡನ್ನು ಕಳೆಯುತ್ತದೆ, ಧೂಳು ಸವೆಸುತ್ತದೆ. ಸವೆದ ನಾಜಲ್ ಮಂಜು ಚಿಮ್ಮಿಸದೆ ಹನಿ ಉದುರಿಸುತ್ತದೆ. ದಪ್ಪ ಹನಿಯ ಹೊರಮೈ ಉರಿದರೂ ಒಳಗಿನ ತಿರುಳು ಪೂರ್ತಿ ಉರಿಯದೆ ಮಸಿಯಾಗುತ್ತದೆ. ಬಯಲಿನಲ್ಲಿ ಅಷ್ಟಾಗಿ ಕಾಣದ ಈ ದೋಷ, ತುಂಬಿದ ಹೊರೆಯೊಡನೆ ಏರು ಹತ್ತುವಾಗ ಕಪ್ಪು ಹೊಗೆಯಾಗಿ ಬಯಲಾಗುತ್ತದೆ.

ಮೈಕೊ ಎಂಬ ಹೆಸರನ್ನು ಕೇಳದ ಲಾರಿ ಮೇಸ್ತ್ರಿ ನಮ್ಮ ರಾಜ್ಯದಲ್ಲಿರಲಾರ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯ ಪಂಪು, ನಾಜಲ್‌ಗಳೊಡನೆ ಒಂದು ತಲೆಮಾರೇ ಪಳಗಿತು. ಹಳೆಯ ಲಾರಿಯ ಇಂಜೆಕ್ಟರನ್ನು ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಡ. ಕೈಯಲ್ಲಿ ಒತ್ತುವ, ಒತ್ತಡಮಾಪಕವಿರುವ ಪರೀಕ್ಷಾ ಪಂಪು ಸಾಕು. ಸಾಮಾನ್ಯವಾಗಿ 200 ಬಾರ್ ಅಥವಾ ತುಸು ಹೆಚ್ಚಿನ ಒತ್ತಡದಲ್ಲಿ, ಆಯಾ ಎಂಜಿನ್ನಿಗೆ ತಯಾರಕರು ಹೇಳಿದ ಅಂಕಿಯಲ್ಲೇ ಸೂಜಿ ತೆರೆಯಬೇಕು. ಪ್ರತಿ ರಂಧ್ರದಿಂದಲೂ ಒಂದೇ ಸಮನಾಗಿ ನುಣ್ಣನೆಯ ಸಿಂಪಡಿಕೆ ಬರಬೇಕು. ತೆರೆಯುವ ಒತ್ತಡಕ್ಕಿಂತ ಸ್ವಲ್ಪ ಕೆಳಗೆ ಹಿಡಿದು ನಿಲ್ಲಿಸಿದಾಗ ತುದಿಯಿಂದ ಹನಿ ತೊಟ್ಟಿಕ್ಕಬಾರದು. ಒತ್ತಡ ಕುಸಿದಿದ್ದರೆ ಒಳಗಿನ ತೆಳುಬಿಲ್ಲೆಯನ್ನು ಬದಲಿಸಿ ಸರಿಪಡಿಸಬಹುದು. ಸಿಂಪಡಿಕೆ ಕೆಟ್ಟಿದ್ದರೆ, ತುದಿ ತೊಟ್ಟಿಕ್ಕಿದರೆ, ನಾಜಲ್ ಬದಲಿಸಬೇಕು. ಮರಳಿ ಕೂರಿಸುವಾಗ ತಾಮ್ರದ ವಾಷರ್ ಹೊಸದಾಗಿರಬೇಕು.

ಹೊಸ ಕಾಮನ್ ರೈಲ್ ಲಾರಿಗಳ ಮಾತು ಬೇರೆ. ಅಲ್ಲಿನ ಒತ್ತಡ 1600 ಬಾರ್ ದಾಟುತ್ತದೆ. ಮೊದಲ ಪರೀಕ್ಷೆಯಾಗಿ ಪ್ರತಿ ಇಂಜೆಕ್ಟರಿನಿಂದ ಮರಳುವ ಡೀಸೆಲ್ಲನ್ನು ಬಾಟಲಿಗಳಲ್ಲಿ ಹಿಡಿದು ಹೋಲಿಸಬಹುದು. ಉಳಿದುದಕ್ಕೆ ವಿಶೇಷ ಪರೀಕ್ಷಾ ಮೇಜು ಬೇಕು. ಅನೇಕ ಎಂಜಿನ್ನುಗಳಲ್ಲಿ ಹೊಸ ಇಂಜೆಕ್ಟರಿನ ಮೇಲಿನ ಸಂಕೇತವನ್ನು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸದಿದ್ದರೆ ಬದಲಾವಣೆ ಅರ್ಧವೇ. ಒಂದು ಎಚ್ಚರಿಕೆಯನ್ನು ಯುವಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಹಳೆಯದಾಗಲಿ ಹೊಸದಾಗಲಿ, ಸಿಂಪಡಿಕೆಗೆ ಬರಿಗೈ ಒಡ್ಡಬಾರದು. ಅದು ಚರ್ಮವನ್ನು ತೂರಿ ಒಳಸೇರುತ್ತದೆ. ಹೊರಗೆ ಸೂಜಿಚುಚ್ಚಿನಷ್ಟೇ ಗಾಯ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಸಿಗದಿದ್ದರೆ ಬೆರಳು ಉಳಿಯುವುದು ಕಷ್ಟ.

ಇಷ್ಟು ಗೊತ್ತಿದ್ದೂ ಪರೀಕ್ಷೆ ಏಕೆ ಮುಂದೂಡಲ್ಪಡುತ್ತದೆ? ಸಾಲದ ಕಂತಿಗೆ ಓಡುವ ಒಂಟಿ ಲಾರಿಯ ಮಾಲೀಕನಿಗೆ, ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ದಿನ ನಿಂತರೆ ಒಂದು ದಿನದ ಬಾಡಿಗೆ ಹೋಯಿತು. ಅಗ್ಗದ ನಕಲಿ ನಾಜಲ್ ಅವನನ್ನು ಸೆಳೆಯುತ್ತದೆ. ಹೊಗೆಗೆ ದಂಡ ತೆರುವವನು, ಬೈಗುಳ ತಿನ್ನುವವನು ಚಾಲಕ; ರಿಪೇರಿಯ ನಿರ್ಧಾರ ಮಾತ್ರ ಅವನ ಕೈಯಲ್ಲಿಲ್ಲ. ಉರಿಯದೆ ಹೋದ ಡೀಸೆಲ್ ಮಾಲೀಕನ ನಷ್ಟ; ಅದೇ ಮಸಿ ನಮ್ಮ ಶ್ವಾಸಕೋಶದ ನಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರು ಚಾಲಕ, ಕ್ಲೀನರ್ ಮತ್ತು ಮೇಸ್ತ್ರಿಗಳು.

ಕಾನೂನು ಇಲ್ಲವೆಂದಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 6 ಮಾನದಂಡ ಬಂದಿದೆ. ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕಿಳಿದಿದೆ. ಬಿಎಸ್ 4ಕ್ಕೆ ಮೊದಲಿನ ಲಾರಿಗಳಿಗೆ ಹೊಗೆಯ ಮಿತಿ 65 ಹಾರ್ಟ್‌ರಿಡ್ಜ್ ಅಂಕ, ಬಿಎಸ್ 4ರವಕ್ಕೆ 50. ಆದರೆ ಈ ಪರೀಕ್ಷೆ ನಡೆಯುವುದು ನಿಂತ ಲಾರಿಯ ಮೇಲೆ, ಹೊರೆಯಿಲ್ಲದ ಎಂಜಿನ್ನನ್ನು ರೇಸ್ ಮಾಡಿ. ಘಟ್ಟದ ಏರು ಕೇಳುವ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಕಾಗದ ಸರಿಯಿದ್ದೂ ಹೊಗೆ ತಪ್ಪದಿರುವುದು ಇದರಿಂದಲೇ.

ಹಾಗಾಗಿ ನಮ್ಮ ಕೋರಿಕೆ ಸ್ಪಷ್ಟ. ಕಬ್ಬಿನ ಹಂಗಾಮಿಗೆ ಮುನ್ನ, ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಕಡಿಮೆ ದರದ ಇಂಜೆಕ್ಟರ್ ಪರೀಕ್ಷಾ ಶಿಬಿರಗಳು ನಡೆಯಲಿ. ಸಾಗಾಣಿಕೆಯ ಕರಾರು ಮಾಡಿಕೊಳ್ಳುವ ಸಕ್ಕರೆ ಕಾರ್ಖಾನೆಗಳು ಅದರ ವೆಚ್ಚದಲ್ಲಿ ಪಾಲು ಹೊರಲಿ. ಐಟಿಐಗಳ ಡೀಸೆಲ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಅದೇ ಪಾಠಶಾಲೆಯಾಗಲಿ. ಅತಿಭಾರದ ಹೊಣೆಯನ್ನು ಚಾಲಕನೊಬ್ಬನ ತಲೆಗೆ ಕಟ್ಟದೆ, ಹೇರಿಸಿದವರನ್ನೂ ಕೇಳುವಂತಾಗಲಿ. ಬಂಕುಗಳ ಕಲಬೆರಕೆ ತಪಾಸಣೆ ದಾಖಲೆಗಷ್ಟೇ ಸೀಮಿತವಾಗದಿರಲಿ.

ಕಾಯಕಕ್ಕೆ ಘನತೆ ತಂದ ಬಸವಣ್ಣ ಹುಟ್ಟಿದ ನೆಲ ಬಾಗೇವಾಡಿ. ಮಸಿ ಮೆತ್ತಿದ ಕೈಯಲ್ಲಿ ನಾಜಲ್ ಹಿಡಿದು, ಅದರ ಸಿಂಪಡಿಕೆಯನ್ನು ಬೆಳಕಿಗೊಡ್ಡಿ ನೋಡುವ ಅಲ್ಲಿನ ಮೇಸ್ತ್ರಿ ಗಿಡ ನೆಡುವ ನಮ್ಮಷ್ಟೇ ಪರಿಸರದ ಕೆಲಸ ಮಾಡುತ್ತಿದ್ದಾನೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶ ಸೇರುತ್ತದೆ. ಅವನು ಉಳಿಸಿದ ಪ್ರತಿ ಲೀಟರಿನ ಲೆಕ್ಕವೂ ಅದೇ. ಘಟ್ಟದವರೂ ಬಯಲಿನವರೂ ಪರಸ್ಪರ ದೂರುವುದನ್ನು ಬಿಟ್ಟು, ಈ ಕಾಯಕಕ್ಕೆ ಬೇಕಾದ ಸಲಕರಣೆ ಮತ್ತು ಕೂಲಿಯನ್ನು ಒಟ್ಟಾಗಿ ಕೇಳಬೇಕಾಗಿದೆ.