ಸಾಲದ ಜೊತೆ ಬಂದ ವಿಮೆ: ಒಳಗೆ ನೋಡಿದ್ದೀರಾ?

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಅನ್ನೋ ಮಾತನ್ನು ಬಳ್ಳಾರಿ ಸೀಮೆಯ ತವರಿನವರು ಕೇಳಿಯೇ ಇರುತ್ತೀರಿ. ಹಂಪಿಯ ಚೆಲುವು ಹೊರಗಿನಿಂದಲೇ ಕಣ್ಣಿಗೆ ಬೀಳುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಸ್ಥಾನ ಹಾಗಲ್ಲ. ಒಳಗೆ ಕಾಲಿಟ್ಟು, ತಲೆ ಎತ್ತಿ ಕೆತ್ತನೆ ನೋಡಬೇಕು. ನಾವು ತೆಗೆದುಕೊಳ್ಳುವ ಸಾಲದ ಕಾಗದವೂ ಉಜ್ಜಿನಿ ಗುಡಿಯ ಹಾಗೇನೇ. ಹೊರಗೆ ಕಾಣೋದು ಇಎಂಐ ಒಂದೇ. ಒಳಗೆ ಏನೇನು ಸೇರಿಸಿದ್ದಾರೆ ಅಂತ ಎಷ್ಟು ಜನ ನೋಡಿದ್ದೇವೆ?

ಸ್ವಲ್ಪ ನೆನಪು ಮಾಡಿಕೊಳ್ಳಿ. ಮನೆ ರಿಪೇರಿಗೋ ಮಗಳ ಕಾಲೇಜು ಫೀಸಿಗೋ ಸಾಲಕ್ಕೆ ಹೋಗಿರುತ್ತೀರಿ. ಮೇಜಿನ ಮೇಲೆ ಇಪ್ಪತ್ತು ಮೂವತ್ತು ಹಾಳೆ. ‘ಇಲ್ಲೊಂದು ಸೈನ್ ಮಾಡಿ ಮೇಡಂ, ಇಲ್ಲೊಂದು, ಇಲ್ಲೂ ಒಂದು...’ ಅತ್ತ ಉಜ್ಜಿನಿಯಲ್ಲಿರುವ ನಿಮ್ಮ ಅತ್ತಿಗೆ ಸಂಘದ ಸಾಲಕ್ಕೆ ಕೂತಿದ್ದರೆ ‘ಇಲ್ಲೊಂದು ಸಹಿ ಹಾಕ್ರಿ ಅಕ್ಕಾರ, ಎಲ್ಲಾರೂ ಹಾಕ್ಯಾರ’ ಅನ್ನುತ್ತಾರೆ. ಮಂಜೂರಾಗಿದ್ದು ಎರಡು ಲಕ್ಷ. ಖಾತೆಗೆ ಬಂದಿದ್ದು ಒಂದು ಲಕ್ಷ ಎಂಬತ್ತೆಂಟು ಸಾವಿರ. ‘ಉಳಿದದ್ದು?’ ಅಂತ ಕೇಳಿದರೆ, ‘ಇನ್ಶೂರೆನ್ಸ್ ಮೇಡಂ, ಅದು ಕಂಪಲ್ಸರಿ.’

ಕಂಪಲ್ಸರಿ ಅಲ್ಲ! ಇವತ್ತಿನ ಮಾತೆಲ್ಲ ಇದರ ಮೇಲೇ.

<b>ಏನಿದು ಸಾಲದ ವಿಮೆ?</b>

ಸಾಲ ಪಡೆದವರು ಅವಧಿಯ ನಡುವೆ ತೀರಿಕೊಂಡರೆ ಬಾಕಿ ಸಾಲವನ್ನು ವಿಮಾ ಕಂಪನಿ ಕಟ್ಟುತ್ತದೆ. ಕೆಲವು ಪಾಲಿಸಿಗಳಲ್ಲಿ ಅಪಘಾತ, ಗಂಭೀರ ಕಾಯಿಲೆ, ಕೆಲಸ ಹೋಗುವುದು ಕೂಡ ಸೇರಿರುತ್ತದೆ. ಸಾಮಾನ್ಯವಾಗಿ ಇದು ಗುಂಪು ವಿಮೆ. ಮುಖ್ಯ ಪಾಲಿಸಿ ಬ್ಯಾಂಕಿನ ಹೆಸರಲ್ಲಿ, ನಿಮಗೆ ಒಂದು ಸರ್ಟಿಫಿಕೇಟ್ ಮಾತ್ರ. ಸಾಲ ಕರಗಿದ ಹಾಗೆ ಎಷ್ಟೋ ಪಾಲಿಸಿಗಳಲ್ಲಿ ವಿಮೆಯ ಮೊತ್ತವೂ ಕರಗುತ್ತದೆ.

ವಿಮೆ ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ. ದುಡಿಯುವ ಕೈ ಒಂದೇ ಇರುವ ಮನೆಗೆ ಅದು ದೊಡ್ಡ ಆಸರೆ. ತಪ್ಪು ಇರುವುದು ಮಾರುವ ರೀತಿಯಲ್ಲಿ. ಹೇಳದೇ ಸೇರಿಸುವುದು, ‘ತಗೊಂಡ್ರೆ ಮಾತ್ರ ಸಾಲ’ ಅನ್ನುವುದು, ಸಕ್ಕರೆ ಕಾಯಿಲೆ ಇದ್ದರೂ ‘ಕಾಯಿಲೆ ಇಲ್ಲ’ ಅಂತ ತಾವೇ ಟಿಕ್ ಹಾಕುವುದು, ಗಂಡನ ದುಡಿಮೆಯಿಂದ ತೀರುವ ಸಾಲಕ್ಕೆ ಹೆಂಡತಿ ಹೆಸರಲ್ಲಿ ಮಾತ್ರ ವಿಮೆ ಮಾಡುವುದು ಇವೆಲ್ಲ ಆ ಸಾಲಿಗೆ ಸೇರಿದವು.

ದುಡ್ಡಿನ ಲೆಕ್ಕವನ್ನೂ ನೋಡೋಣ. 10,000 ರೂಪಾಯಿ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದರು ಅಂದುಕೊಳ್ಳಿ. ಶೇ 14 ಬಡ್ಡಿ, 5 ವರ್ಷದ ಅವಧಿ. ತಿಂಗಳಿಗೆ ಸುಮಾರು 233 ರೂಪಾಯಿ ಹೆಚ್ಚು ಇಎಂಐ ಬರುತ್ತದೆ. ಐದು ವರ್ಷಕ್ಕೆ ನೀವು ಕಟ್ಟುವುದು ಹತ್ತಿರ ಹತ್ತಿರ 14,000! ಪ್ರೀಮಿಯಂಗೂ ಬಡ್ಡಿ ಕಟ್ಟುತ್ತಿದ್ದೀರಿ ಅಂತಾಯಿತು. ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ, ಆದರೆ ಆ ವಿನಾಯಿತಿ ಗುಂಪು ವಿಮೆಗೆ ಸಿಕ್ಕಿಲ್ಲ.

<b>ಈಗ ಯಾಕೆ ಈ ಮಾತು?</b>

2024ರ ನವೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬ್ಯಾಂಕಿನವರ ಸಭೆಯಲ್ಲೇ ಇದನ್ನು ಎತ್ತಿದರು. ತಪ್ಪಾಗಿ ವಿಮೆ ಮಾರುವುದರಿಂದ ಜನರ ಸಾಲದ ಖರ್ಚು ಸುತ್ತು ಹಾದಿಯಲ್ಲಿ ಏರುತ್ತದೆ, ಬ್ಯಾಂಕುಗಳು ತಮ್ಮ ಮೂಲ ಕೆಲಸದ ಕಡೆ ಗಮನ ಕೊಡಲಿ ಎಂಬುದು ಅವರ ಮಾತಿನ ಸಾರ. ವಿಮಾ ನಿಯಂತ್ರಣ ಪ್ರಾಧಿಕಾರದ ವಾರ್ಷಿಕ ವರದಿ ನೋಡಿದರೆ, ಜೀವವಿಮಾ ಕಂಪನಿಗಳ ಮೇಲೆ ‘ಅನುಚಿತ ವ್ಯಾಪಾರ ಪದ್ಧತಿ’ಯ ದೂರುಗಳು 2023-24ರಲ್ಲಿ 23,335 ಇದ್ದದ್ದು 2024-25ರಲ್ಲಿ 26,667ಕ್ಕೆ ಏರಿವೆ. ಇದರಲ್ಲಿ ಎಲ್ಲವೂ ಸಾಲದ ವಿಮೆಯದ್ದಲ್ಲ, ನಿಜ. ಆದರೆ ದೂರು ಕೊಡದೇ ಸುಮ್ಮನಾದವರು ಈ ಲೆಕ್ಕಕ್ಕೆ ಬಂದೇ ಇಲ್ಲವಲ್ಲ!

2026ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಕರಡು ನಿಯಮ ಹೊರಡಿಸಿತು. ಒಂದರ ಜೊತೆ ಇನ್ನೊಂದನ್ನು ಬಲವಂತವಾಗಿ ಅಂಟಿಸಿ ಮಾರಬಾರದು, ತಪ್ಪಾಗಿ ಮಾರಿದ್ದು ಸಾಬೀತಾದರೆ ಗ್ರಾಹಕರ ಹಣ ವಾಪಸ್ ಕೊಡಬೇಕು ಎಂಬ ಅಂಶಗಳು ಅದರಲ್ಲಿದ್ದವು.

ಕೇಳಿದರೆ ಸಿಗುತ್ತದೆಯೇ ಅನ್ನುವವರಿಗೆ ಬ್ರಿಟನ್ನಿನ ಕಥೆ ಹೇಳಬೇಕು. ಅಲ್ಲಿ ‘ಪಿಪಿಐ’ ಹೆಸರಿನ ಇಂಥದ್ದೇ ವಿಮೆಯನ್ನು ಬ್ಯಾಂಕುಗಳು ಲಕ್ಷಾಂತರ ಜನಕ್ಕೆ ಅಂಟಿಸಿದ್ದವು. 2011ರಲ್ಲಿ ಹೈಕೋರ್ಟಿನಲ್ಲಿ ಬ್ಯಾಂಕುಗಳು ಸೋತವು. 2014ರ ಪ್ಲೆವಿನ್ ಪ್ರಕರಣದಲ್ಲಿ ಒಬ್ಬ ವಿಧವೆ ಸುಪ್ರೀಂ ಕೋರ್ಟಿನವರೆಗೆ ಹೋದರು. ಆಕೆ ಕಟ್ಟಿದ್ದ ಪ್ರೀಮಿಯಂನಲ್ಲಿ ಶೇ 71.8ರಷ್ಟು ಬರೀ ಕಮಿಷನ್ ಆಗಿತ್ತು! ಅದನ್ನು ಮುಚ್ಚಿಟ್ಟದ್ದು ಅನ್ಯಾಯ ಎಂದಿತು ಕೋರ್ಟು. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಒಟ್ಟು 38 ಬಿಲಿಯನ್ ಪೌಂಡಿಗೂ ಹೆಚ್ಚು ಹಣ ಜನಕ್ಕೆ ವಾಪಸ್ ಬಂತು. ಹಣ ಬಂದದ್ದು ಬಾಯಿ ಬಿಟ್ಟು ಕೇಳಿದ್ದರಿಂದ.

<b>ನಿಮ್ಮ ಕೈಯಲ್ಲಿರುವ ಹಕ್ಕುಗಳು</b>

* 2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ವೈಯಕ್ತಿಕ, ಮನೆ, ವಾಹನ ಮುಂತಾದ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡಲೇಬೇಕು, ಅದೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ. ವಿಮೆಗೆ ಹಿಡಿದ ಹಣವನ್ನು ಅದರಲ್ಲಿ ಬೇರೆಯಾಗಿ ತೋರಿಸಬೇಕು. ಅದರಲ್ಲಿಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಿಡಿಯುವಂತಿಲ್ಲ.

* ಮೈಕ್ರೋಫೈನಾನ್ಸ್ ಸಾಲಕ್ಕೆ 2022ರ ರಿಸರ್ವ್ ಬ್ಯಾಂಕ್ ನಿಯಮವಿದೆ. ವಿಮೆಯಂಥ ಬೇರೆ ಉತ್ಪನ್ನ ಮಾರಬೇಕಾದರೆ ಸಾಲಗಾರರ ಪೂರ್ತಿ ಒಪ್ಪಿಗೆ ಬೇಕು, ಅದರ ಶುಲ್ಕ ಸಾಲದ ಕಾರ್ಡಿನಲ್ಲಿ ಬರೆದಿರಬೇಕು.

* ಬ್ಯಾಂಕು ತನಗೆ ಬೇಕಾದ ಕಂಪನಿಯ ವಿಮೆಯನ್ನೇ ಕೊಳ್ಳಿ ಅಂತ ಒತ್ತಾಯಿಸುವಂತಿಲ್ಲ.

* ವಿಮೆಯ ಕಾಗದ ಕೈಗೆ ಬಂದ ಮೇಲೆ ಬೇಡವೆನಿಸಿದರೆ ವಾಪಸ್ ಮಾಡಲು ‘ಫ್ರೀ ಲುಕ್’ ಅವಧಿ ಇದೆ. 2024ರಲ್ಲಿ ಇದನ್ನು 30 ದಿನಕ್ಕೆ ಏರಿಸಿದರು. ಅಷ್ಟು ದಿನದ ರಕ್ಷಣೆಯ ಪಾಲು, ಸ್ಟ್ಯಾಂಪ್ ಖರ್ಚು ಮುಂತಾದವನ್ನು ಕಳೆದು ಉಳಿದ ಹಣ ಬರುತ್ತದೆ. ಗುಂಪು ವಿಮೆಯಾದರೆ ಸರ್ಟಿಫಿಕೇಟ್‌ನಲ್ಲಿ ಈ ಅವಧಿ ಏನು ಬರೆದಿದೆ ನೋಡಿಕೊಳ್ಳಿ.

ಒಂದು ಗೊಂದಲ ಬೇಡ. ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರವೇ ಕಡ್ಡಾಯ. ಸಾಲದ ಮೇಲಿನ ಜೀವವಿಮೆ ಬೇರೆ, ಅದು ನಿಮ್ಮ ಇಷ್ಟ. ರೈತರ ಬೆಳೆ ವಿಮೆ ಕೂಡ ಸಾಲ ಪಡೆದವರಿಗೆ ಕಡ್ಡಾಯವಾಗಿದ್ದದ್ದು 2020ರ ಮುಂಗಾರಿನಿಂದ ಐಚ್ಛಿಕವಾಗಿದೆ. ಬೇಡ ಎನ್ನುವವರು ಕೊನೆಯ ದಿನಾಂಕಕ್ಕೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು. ತವರಿನಲ್ಲಿ ಹೊಲ ಇರುವವರು ಅಣ್ಣನಿಗೆ ಇದನ್ನೂ ಹೇಳಿ.

<b>ರದ್ದು ಮಾಡುವ ಮುಂಚೆ ಒಂದು ನಿಮಿಷ...</b>

ಸಿಟ್ಟಿನಲ್ಲಿ ಇವತ್ತೇ ಕ್ಯಾನ್ಸಲ್ ಮಾಡಬೇಡಿ. ಮೊದಲು ಸರ್ಟಿಫಿಕೇಟ್ ತರಿಸಿಕೊಂಡು ನೋಡಿ. ಯಾರ ಜೀವಕ್ಕೆ ವಿಮೆ? ನಾಮಿನಿ ಯಾರು? ಸಾಲದ ಅವಧಿ ಪೂರ್ತಿ ಇದೆಯೇ? ಕಾಯಿಲೆಯ ಬಗ್ಗೆ ಏನು ಬರೆದಿದ್ದಾರೆ? ಮನೆಯಲ್ಲಿ ಬೇರೆ ವಿಮೆ ಇಲ್ಲ, ಯಜಮಾನರಿಗೆ ವಯಸ್ಸಾಗಿದೆ ಅಂದರೆ ಇರುವ ವಿಮೆಯನ್ನು ಸರಿಪಡಿಸಿ ಉಳಿಸಿಕೊಳ್ಳುವುದೇ ಜಾಣತನ ಆಗಬಹುದು. ಹೋಲಿಕೆಗೆ ಹೇಳುವುದಾದರೆ, ಪ್ರಧಾನಮಂತ್ರಿ ಜೀವನ್ ಜ್ಯೋತಿ ಯೋಜನೆಯಲ್ಲಿ 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ ಇದೆ. ಸೇರಲು ವಯಸ್ಸು 18ರಿಂದ 50.

ಹೇಳದೇ ಮಾರಿದ ವಿಮೆಯಿಂದ ಇನ್ನೊಂದು ದೊಡ್ಡ ನಷ್ಟವಿದೆ. ವಿಮೆ ಇರುವುದೇ ಗೊತ್ತಿಲ್ಲದ ಮನೆಯಲ್ಲಿ ಗಂಡ ತೀರಿಕೊಂಡರೆ, ಆ ಹೆಣ್ಣುಮಗಳು ಕ್ಲೇಮ್ ಕೇಳುವುದಾದರೂ ಹೇಗೆ? ಕಣ್ಣೀರು ಒರೆಸಿಕೊಂಡು, ಬಂಗಾರ ಅಡವಿಟ್ಟು, ವಿಮೆ ತೀರಿಸಬೇಕಾಗಿದ್ದ ಸಾಲಕ್ಕೆ ಕಂತು ಕಟ್ಟುತ್ತಾ ಹೋಗುತ್ತಾಳೆ. ಪ್ರೀಮಿಯಂ ಹೋಯಿತು, ಪರಿಹಾರವೂ ಹೋಯಿತು. ಆದ್ದರಿಂದ ನೆಂಟರಿಷ್ಟರಲ್ಲಿ ಯಾರಾದರೂ ಹೀಗೆ ಸಾಲ ಬಿಟ್ಟು ತೀರಿಕೊಂಡಿದ್ದರೆ, ‘ಆ ಸಾಲಕ್ಕೆ ವಿಮೆ ಇತ್ತಾ?’ ಅಂತ ಬ್ಯಾಂಕಿಗೆ ಬರೆದು ಕೇಳಲು ಹೇಳಿ. ತಡವಾಯಿತು ಅಂತ ಸುಮ್ಮನಿರಬೇಡಿ.

<b>ದೂರು ಕೊಡುವುದು ಹೇಗೆ?</b>

<b>ಹೆಜ್ಜೆ 1:</b> ಕಾಗದ ಕೂಡಿಸಿ. ಸಾಲ ಮಂಜೂರಾತಿ ಪತ್ರ, ಸಾಲದ ಖಾತೆಯ ಸ್ಟೇಟ್‌ಮೆಂಟ್, ಕೀ ಫ್ಯಾಕ್ಟ್ಸ್ ಹಾಳೆ, ವಿಮಾ ಸರ್ಟಿಫಿಕೇಟ್, ನೀವು ಸಹಿ ಮಾಡಿದ ವಿಮಾ ಅರ್ಜಿಯ ಪ್ರತಿ. ಇಲ್ಲದ್ದನ್ನು ಬ್ಯಾಂಕಿನಿಂದ ಬರೆದು ಕೇಳಿ. ಫೋನಿನಲ್ಲಿ ಬಂದ ಎಸ್ಸೆಮ್ಮೆಸ್, ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ.

<b>ಹೆಜ್ಜೆ 2:</b> ಬ್ಯಾಂಕಿಗೂ ವಿಮಾ ಕಂಪನಿಗೂ ಬೇರೆ ಬೇರೆ ಪತ್ರ ಕೊಡಿ. ಬಾಯಿ ಮಾತು ಸಾಲದು. ಕನ್ನಡದಲ್ಲೇ ಹೀಗೆ ಬರೆಯಬಹುದು:

<i>‘ನನ್ನ ಸಾಲದ ಖಾತೆ ಸಂಖ್ಯೆ ... . ಈ ಸಾಲದಿಂದ ದಿನಾಂಕ ... ರಂದು ವಿಮೆಗಾಗಿ ... ರೂ. ಹಿಡಿಯಲಾಗಿದೆ. ವಿಮೆ ಐಚ್ಛಿಕ ಎಂದು ನನಗೆ ತಿಳಿಸಲಿಲ್ಲ / ವಿಮೆ ಇಲ್ಲದೆ ಸಾಲ ಸಿಗದು ಎಂದು ಹೇಳಲಾಯಿತು. ನನ್ನ ಒಪ್ಪಿಗೆಯ ದಾಖಲೆಯ ಪ್ರತಿ ಕೊಡಿ. ಪ್ರೀಮಿಯಂ ಹಾಗೂ ಅದರ ಮೇಲೆ ಹಿಡಿದ ಬಡ್ಡಿಯನ್ನು ಹಿಂದಿರುಗಿಸಿ. 30 ದಿನದೊಳಗೆ ಲಿಖಿತ ಉತ್ತರ ಕೋರುತ್ತೇನೆ.’</i>

ಏನು ನಡೆಯಿತೋ ಅಷ್ಟನ್ನೇ ಬರೆಯಿರಿ, ಉತ್ಪ್ರೇಕ್ಷೆ ಬೇಡ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಸೀಲ್ ಹಾಕಲ್ಲ’ ಅಂದರೆ ಸ್ಪೀಡ್ ಪೋಸ್ಟ್‌ಗೆ ಹಾಕಿ.

<b>ಹೆಜ್ಜೆ 3:</b> 30 ದಿನದಲ್ಲಿ ಉತ್ತರ ಬರಲಿಲ್ಲವೇ, ಬಂದ ಉತ್ತರ ಸಮಾಧಾನ ತರಲಿಲ್ಲವೇ? ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ತಪ್ಪಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ತಡ ಮಾಡಬೇಡಿ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ವಿಮಾ ಕಂಪನಿಯ ತಪ್ಪಾದರೆ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲಿ, ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲೂ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. 2023ರ ನವೆಂಬರ್‌ನಲ್ಲಿ ಪರಿಹಾರದ ಮಿತಿಯನ್ನು 50 ಲಕ್ಷಕ್ಕೆ ಏರಿಸಲಾಗಿದೆ. 2021ರ ತಿದ್ದುಪಡಿಯ ನಂತರ ಆನ್‌ಲೈನ್ ದೂರು, ವಿಡಿಯೊ ವಿಚಾರಣೆ ಎರಡಕ್ಕೂ ಅವಕಾಶವಿದೆ. ಉಜ್ಜಿನಿಯಿಂದ ಬೆಂಗಳೂರಿಗೆ ಬಸ್ಸು ಹತ್ತಲೇಬೇಕು ಅಂತೇನಿಲ್ಲ.

<b>ಹೆಜ್ಜೆ 4:</b> ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ಇದೆ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷದ ಗಡುವು ಇದೆ. ಸಲಹೆಗೆ 1915. ಒಂದೇ ದೂರನ್ನು ಒಂದೇ ಸಲ ಎರಡು ಕಡೆ ಕೊಡಬೇಡಿ.

‘ನಮ್ಮ ಬ್ಯಾಂಕಿನ ಹೆಸರೇ ಬದಲಾಗಿದೆಯಲ್ಲ?’ ಅನ್ನುವವರೂ ಇದ್ದಾರೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಒಂದೇ ಬ್ಯಾಂಕ್ ಆಯಿತು. ಹೀಗೆ ವಿಲೀನವಾದಾಗ ಹಳೆಯ ಬ್ಯಾಂಕಿನ ಸಾಲದ ಜೊತೆ ಅದರ ಹೊಣೆಯೂ ಹೊಸ ಬ್ಯಾಂಕಿಗೆ ಬರುತ್ತದೆ. ದೂರನ್ನು ಹೊಸ ಹೆಸರಿಗೆ ಕೊಟ್ಟರಾಯಿತು.

<b>ಇಷ್ಟು ಎಚ್ಚರ ಇರಲಿ</b>

* ದೂರು ಕೊಟ್ಟ ಸಿಟ್ಟಿಗೆ ಇಎಂಐ ನಿಲ್ಲಿಸಬೇಡಿ. ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಕೆಡುತ್ತದೆ.

* ವಸೂಲಿಗೆ ಬಂದು ಬೆದರಿಸಿದರೆ ಅದು ಬೇರೆಯೇ ದೂರು. 2025ರಲ್ಲಿ ಮೈಕ್ರೋ ಸಾಲದ ಕಿರುಕುಳ ತಡೆಗೆ ರಾಜ್ಯ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ಪೊಲೀಸರ ಬಳಿ ಹೋಗಿ.

* ‘ನಿಮ್ಮ ವಿಮೆ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕಳಿಸಿ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಓಟಿಪಿ ಯಾರಿಗೂ ಹೇಳಬೇಡಿ.

* ಸಾಲವನ್ನು ಅವಧಿಗೆ ಮುಂಚೆ ತೀರಿಸಿದ್ದರೆ, ಉಳಿದ ಅವಧಿಯ ವಿಮೆ ಮುಂದುವರಿಯುತ್ತದೋ ಪ್ರೀಮಿಯಂನ ಒಂದು ಪಾಲು ವಾಪಸ್ ಬರುತ್ತದೋ ಅಂತ ಕೇಳಿ ತಿಳಿಯಿರಿ.

‘ಅಯ್ಯೋ, ದುಡ್ಡಿನ ವಿಷಯ ಯಜಮಾನ್ರಿಗೆ ಬಿಟ್ಟಿದ್ದು’ ಅಂತೀರಾ? ಜಂಟಿ ಸಾಲದ ಕಾಗದದಲ್ಲಿ ನಿಮ್ಮ ಸಹಿಯೂ ಇದೆ. ನಾಳೆ ಏನಾದರೂ ಆದರೆ ಬ್ಯಾಂಕಿನವರು ಹುಡುಕಿಕೊಂಡು ಬರುವುದು ನಿಮ್ಮನ್ನೇ. ಇವತ್ತು ಮಧ್ಯಾಹ್ನ ಸೀರಿಯಲ್ ಮುಗಿದ ಮೇಲೆ ಬೀರುವಿನಲ್ಲಿರುವ ಆ ಸಾಲದ ಫೈಲ್ ಕೆಳಗಿಳಿಸಿ. ಓದಿ ಆದ ಮೇಲೆ ತವರಿಗೂ ಒಂದು ಫೋನ್ ಹಚ್ಚಿ, ‘ನಿಮ್ಮ ಸಂಘದ ಕಾರ್ಡಿನೊಳಗೆ ಇನ್ಶೂರೆನ್ಸ್ ಅಂತ ಎಷ್ಟು ಹಿಡಿದಾರ ನೋಡ್ರಿ’ ಅಂತ ಹೇಳಿ.