ಎಳಿಲಿಕ್ಕೂ ಬರದ ಗಾಡಿ

ಮೊದಲೇ ಹೇಳಿಬಿಡ್ತೀನಿ. ನನ್ನ ಹಳೇ ಸ್ಪೋರ್ಟ್ಸ್ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತೆಗೆಸಿ ಮ್ಯಾನುವಲ್ ಹಾಕಿಸಬೇಕು ಅಂತ ಓಡಾಡ್ತಿರೋದು ಮಜಾಕ್ಕಲ್ಲ. ಆಫೀಸಿನಲ್ಲಿ ಈ ಮಾತು ತೆಗೆದರೆ ಎರಡು ಥರದ ಜನ ಸಿಗ್ತಾರೆ. "ಎಲ್ಲರೂ ಆಟೊಮ್ಯಾಟಿಕ್ ತಗೋತಿರುವಾಗ ನಿಂದೇನು ಉಲ್ಟಾ?" ಅನ್ನೋರು ಒಂದು ಕಡೆ. "ಸೂಪರ್ ಮಗಾ, ಮ್ಯಾನುವಲ್ ಓಡಿಸೋನೇ ಡ್ರೈವರ್" ಅನ್ನೋರು ಇನ್ನೊಂದು ಕಡೆ. ಇಬ್ಬರ ಜೊತೆಗೂ ನನ್ನ ಜಗಳವಿದೆ.

ಗಾಡಿಯ ಕಂಪನಿ ಹೆಸರು ಬೇಡ. ಎರಡೇ ಸೀಟು, ಹಿಂದಿನ ಚಕ್ರ ತಿರುಗಿಸುವ ಎಂಜಿನ್, ಬೆಂಗಳೂರಿನಲ್ಲಿ ಇಬ್ಬರ ಕೈದಾಟಿ ನನ್ನ ಹತ್ತಿರ ಬಂದದ್ದು. ಹೊಸ ಸಣ್ಣ ಕಾರಿನ ರೇಟಿಗೆ ಸಿಕ್ಕಿತು. ಕಮಲಾಪುರದ ಹತ್ತಿರದ ನಮ್ಮೂರಿಗೆ ಮೊದಲ ಸಲ ತಂದಾಗ ಅವ್ವ ಒಂದು ಸುತ್ತು ಹಾಕಿ ನೋಡಿ, "ಉಳಿದ ಮಂದಿ ಎಲ್ಲಿ ಕೂಡಬೇಕೋ?" ಅಂದಿದ್ದಳು.

ಹೋದ ಮೇ ತಿಂಗಳು. ಕಲಬುರಗಿಯ ಮೇ ಅಂದರೆ ಗೊತ್ತಲ್ಲ, ನಲವತ್ತು ಡಿಗ್ರಿ ಅನ್ನೋದು ಅಲ್ಲಿ ಸುದ್ದಿಯೇ ಅಲ್ಲ. ಹುಮನಾಬಾದ್ ರೋಡಿನಲ್ಲಿ ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಗೇರಿನ ದೀಪ ಹತ್ತಿತು. ಗಾಡಿ ಒಂದೇ ಗೇರಿಗೆ ಅಂಟಿಕೊಂಡಿತು, ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಚಾಲೂ ಇತ್ತು. ಬಂದ್ ಮಾಡಿ ಊರಿಗೆ ಫೋನ್ ಹಚ್ಚಿದೆ. ಕಾಕಾ ಟ್ರ್ಯಾಕ್ಟರ್ ತಗೊಂಡು ಬಂದರು, ಹಗ್ಗ ಬಿಚ್ಚಿದರು.

"ಬ್ಯಾಡ ಕಾಕಾ. ಹಿಂದಿನ ಗಾಲಿ ಉರುಳಿದ್ರ ಗೇರ್‌ಬಾಕ್ಸ್ ಸುಟ್ಟು ಹೋಗ್ತದ."

"ಎಂಜಿನ್ ಬಂದ್ ಅದಲ್ಲೋ?"

"ಅದಕ್ಕ. ಎಂಜಿನ್ ಬಂದಾದ್ರ ಎಣ್ಣಿ ಪಂಪೂ ಬಂದ್. ಒಳಗ ಒಣಾನೇ ತಿರುಗ್ತಾವ."

ಕಾಕಾ ಹಗ್ಗ ಸುತ್ತುತ್ತಾ ಹೇಳಿದರು: "ಕೆಟ್ಟ ಮ್ಯಾಲ ಎಳಿಲಿಕ್ಕೂ ಬರಂಗಿಲ್ಲಂದ್ರ ಅದೆಂಥಾ ಗಾಡಿನೋ ತಮ್ಮಾ?"

ಮೂರು ತಾಸು ಬಿಸಿಲಲ್ಲಿ ಕೂತ ಮೇಲೆ ಕಲಬುರಗಿಯಿಂದ ಗಾಡಿಯನ್ನೇ ಎತ್ತಿಕೊಂಡು ಹೋಗುವ ಲಾರಿ ಬಂತು.

ನನ್ನ ಮೊದಲ ತಕರಾರು ಇಲ್ಲಿದೆ. ಆಟೊಮ್ಯಾಟಿಕ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನನ್ನ ಎಡ ಮೊಣಕಾಲು ಯಾವಾಗಲೂ ಆಟೊಮ್ಯಾಟಿಕ್ ಪರ. ನನ್ನ ತಂಗಿ ಕಾರು ಕಲಿತದ್ದೇ ಆಟೊಮ್ಯಾಟಿಕ್‌ನಲ್ಲಿ, ನನಗಿಂತ ಚೆನ್ನಾಗಿ ಓಡಿಸ್ತಾಳೆ. ಕ್ಲಚ್ ತುಳಿಯೋದರಲ್ಲಿ ಗಂಡಸುತನ ಹುಡುಕುವವರು ದಯವಿಟ್ಟು ಬೇರೆ ಕೆಲಸ ನೋಡಿಕೊಳ್ಳಲಿ. ನನ್ನ ಪ್ರಶ್ನೆ ಒಂದೇ: ಕೆಟ್ಟಾಗ ಯಾರು ಬಿಚ್ಚುತ್ತಾರೆ?

ದೊಡ್ಡ ವರ್ಕ್‌ಶಾಪಿನವರು ಬಿಚ್ಚಲಿಲ್ಲ. "ಸರ್, ಇದು ರಿಪೇರಿ ಆಗಲ್ಲ, ಇಡೀ ಯೂನಿಟ್ ಬದಲಾಯಿಸಬೇಕು" ಅಂದರು. ಅವರು ಹೇಳಿದ ಮೊತ್ತ ನಾನು ಗಾಡಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ಅದೇ ಕಾಕಾನ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ಹೋದಾಗ ಕಮಲಾಪುರದ ಮಿಸ್ತ್ರಿ ಬೇವಿನ ಗಿಡದ ಕೆಳಗೆ ಟ್ರ್ಯಾಕ್ಟರನ್ನು ನಡುವಿಗೆ ಎರಡು ಭಾಗ ಮಾಡಿ, ಸಂಜೆಗೆ ಮತ್ತೆ ಜೋಡಿಸಿ ಕೊಟ್ಟಿದ್ದ.

ಕಲಬುರಗಿಯಲ್ಲಿ ಒಬ್ಬ ಉಸ್ತಾದ್ ಸಿಕ್ಕರು. "ಪೆಟ್ಟಗಿ ಬಿಚ್ತೀನ್ರಿ ಸಾಬ್, ಒಳಗಿನ ಸಾಮಾನು ಎಲ್ಲಿಂದ ತರ್ಲಿ? ಇದೇ ಗಾಡಿಗಿ ಕಂಪನಿದೇ ಮ್ಯಾನುವಲ್ ಅದಲ್ಲ, ಅದನ್ನೇ ಹಾಕಮು" ಅಂದರು. ಅವರ ಮಾತು ಸರಿ. ಹೊರದೇಶಗಳಲ್ಲಿ ಇದೇ ಕಾರನ್ನು ಕಂಪನಿ ಮ್ಯಾನುವಲ್‌ನಲ್ಲೂ ಮಾರಿದೆ.

ಗೇರ್‌ಬಾಕ್ಸ್ ಬದಲಿಸಿದರೆ ಮುಗೀತು ಅಂದುಕೊಳ್ಳಬೇಡಿ. ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಕ್ಲಚ್ಚಿನ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್, ಮೂರು ಪೆಡಲಿನ ಸೆಟ್, ಗೇರ್‌ಬಾಕ್ಸ್ ಕೂರುವ ಬ್ರಾಕೆಟ್, ಬೇರೆ ಉದ್ದದ ಪ್ರೊಪೆಲರ್ ಶಾಫ್ಟ್. ಇಷ್ಟೆಲ್ಲ ಕೂಡಿಸಿದ ಮೇಲೂ ಗಾಡಿ ಸ್ಟಾರ್ಟ್ ಆಗಲ್ಲ. ಗೇರ್ ಪಾರ್ಕ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇದೆ ಅಂತ ಆ ಹಳೇ ಪೆಟ್ಟಿಗೆ ಹೇಳಿದರೆ ಮಾತ್ರ ಇಸಿಯು ಸ್ಟಾರ್ಟರ್‌ಗೆ ಬಿಡುತ್ತದೆ. ಪೆಟ್ಟಿಗೆಯೇ ಇಲ್ಲದ ಮೇಲೆ ಹೇಳೋರು ಯಾರು? ಇಸಿಯುಗೆ ಹೊಸದಾಗಿ ಕೋಡಿಂಗ್ ಮಾಡಿ "ಇದೀಗ ಮ್ಯಾನುವಲ್ ಗಾಡಿ" ಅಂತ ತಿಳಿಸಬೇಕು. ರಿವರ್ಸ್ ದೀಪಕ್ಕೂ ಹೊಸ ವೈರು ಬೇಕು. ಮಾಡ್ಯೂಲ್ ಡಿಲೀಟ್ ಮಾಡಿದ ಮೇಲೂ ಹತ್ತು ಕಡೆಯಿಂದ ಅದನ್ನೇ ಕಾಲ್ ಮಾಡುವ ಕೋಡ್ ನೋಡಿದವರಿಗೆ ಈ ನೋವು ಗೊತ್ತು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂದಿತು. ಕಿವಿ ಹರಿಯುವ ಸೈಲೆನ್ಸರ್, ಕಣ್ಣು ಕುಕ್ಕುವ ಲೈಟು ಹಾಕುವವರಿಗೆ ಇದು ಬೇಕೇ ಬೇಕು. ರಾತ್ರಿ ಹನ್ನೊಂದಕ್ಕೆ ರಿಂಗ್ ರೋಡಿನಲ್ಲಿ ಮಲಗಿದವರನ್ನೆಲ್ಲ ಎಬ್ಬಿಸುವ ಹುಡುಗರ ಪರ ನಾನಿಲ್ಲ.

ಆದರೆ ನನ್ನ ಆರ್‌ಸಿ ತೆಗೆದು ನೋಡಿದೆ. ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಸೀಟು, ತೂಕ, ಇಂಧನ ಎಲ್ಲ ಇದೆ. ಗೇರ್‌ಬಾಕ್ಸ್ ಅಂತ ಪ್ರತ್ಯೇಕ ಸಾಲಿಲ್ಲ. ಮಾಡೆಲ್ ಹೆಸರಿನ ಬಾಲಕ್ಕೆ "ಎಟಿ" ಅಂತ ಎರಡಕ್ಷರ, ಅಷ್ಟೇ. ಆ ಎರಡಕ್ಷರ "ವಿವರ"ವೋ ಅಲ್ಲವೋ? ಒಬ್ಬ ಏಜೆಂಟ್ "ಯಾರ್ ನೋಡ್ತಾರ್ರೀ, ಸುಮ್ಮ ಹಾಕಿಸ್ರಿ" ಅಂದ. ವಕೀಲ ಗೆಳೆಯ "ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ನೋಡ್ತಾರೆ" ಅಂದ. ನನಗೆ ವಕೀಲನ ಮಾತೇ ಖರೆ ಅನ್ನಿಸಿತು.

ಸಿಟ್ಟು ಬರೋದು ಎಲ್ಲಿ ಅಂದರೆ, ಪೆಟ್ರೋಲ್ ಕಾರಿನ ಡಿಕ್ಕಿಯಲ್ಲಿ ಒತ್ತಡದ ಗ್ಯಾಸ್ ಸಿಲಿಂಡರ್ ಕೂರಿಸಲು ಇದೇ 52ನೇ ಸೆಕ್ಷನ್‌ನಲ್ಲಿ ದಾರಿ ಇದೆ: ಅನುಮೋದಿತ ಕಿಟ್ ಹಾಕಿಸಿ, ಆರ್‌ಸಿಯಲ್ಲಿ ಬರೆಸಿ, ಓಡಿಸಿ. ಗಾಡಿಯ ಮಾರ್ಪಾಡಿಗೆ ನಿಯಮ, ಷರತ್ತು ರೂಪಿಸುವ ಅಧಿಕಾರವನ್ನು 2019ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಹಾಗಿದ್ದ ಮೇಲೆ ಅದೇ ಕಂಪನಿ ಅದೇ ಮಾಡೆಲಿಗೆ ಮಾಡಿದ ಗೇರ್‌ಬಾಕ್ಸ್ ಹಾಕಿಸಿಕೊಳ್ಳಲು ಒಂದು ಅರ್ಜಿ, ಒಂದು ತಪಾಸಣೆ, ಒಂದು ಸೀಲು ಯಾಕಿಲ್ಲ? ಬ್ರೇಕ್ ನೋಡಲಿ, ಬೋಲ್ಟ್ ನೋಡಲಿ, ಗೇರಿನಲ್ಲಿದ್ದಾಗ ಕ್ಲಚ್ ಒತ್ತದೆ ಸ್ಟಾರ್ಟ್ ಆಗುತ್ತದೋ ನೋಡಲಿ, ಫೀಸು ತಗೊಳ್ಳಲಿ. ದಾರಿಯೇ ಇಲ್ಲದಿದ್ದರೆ ಜನ ಆ ಏಜೆಂಟನ ದಾರಿ ಹಿಡೀತಾರೆ.

"ಶೋಕಿ ಕಾರಿನವನ ಗೋಳು" ಅಂತ ನಗಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿದಾಗ ಗುರುತಿಸಿದ ಕ್ಷೇತ್ರಗಳಲ್ಲಿ ವಾಹನಗಳ ಜೊತೆ ಕೃಷಿ ಉಪಕರಣಗಳೂ ಇದ್ದವು. ಇವತ್ತು ನನ್ನ ಕಾರಿಗೆ "ರಿಪೇರಿ ಆಗಲ್ಲ" ಅಂದವರು ನಾಳೆ ಕಾಕಾನ ಮುಂದಿನ ಟ್ರ್ಯಾಕ್ಟರಿಗೂ ಅದನ್ನೇ ಹೇಳ್ತಾರೆ, ಅದೂ ತೊಗರಿ ಬಿತ್ತುವ ಹೊತ್ತಿಗೆ. ಇನ್ನೊಂದು ಮಾತು. ಪಾರ್ಟ್ ನಂಬರ್ ಹೊಂದದಿದ್ದರೆ ಮೆಷಿನ್ ಚಾಲೂ ಆಗಬಾರದು ಅನ್ನುವ ಇಫ್ ಕಂಡಿಷನ್ ಬರೆಯೋರು ಆಕಾಶದಿಂದ ಬಂದವರಲ್ಲ, ನಮ್ಮ ಪಕ್ಕದ ಡೆಸ್ಕಿನವರು. ಹಿಂದಿನ ಕೆಲಸದಲ್ಲಿ ನಾನೇ ಒಂದು ಬರೆದಿದ್ದೆ. ರಿವ್ಯೂನಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ.

ಮ್ಯಾನುವಲ್ ಹಳೇ ಕಾಲದ್ದು ಅನ್ನೋರಿಗೆ ಪೋರ್ಷೆ ಉದಾಹರಣೆ ಸಾಕು. 2013ರಲ್ಲಿ 911 ಜಿಟಿ3ಯನ್ನು ಆಟೊಮ್ಯಾಟಿಕ್‌ನಲ್ಲಿ ಮಾತ್ರ ತಂದರು, ಗಿರಾಕಿಗಳು ಗೊಣಗಿದರು, 2017ರಲ್ಲಿ ಮ್ಯಾನುವಲ್ ವಾಪಸ್ ಕೊಟ್ಟರು. ದುಡ್ಡಿದ್ದವರು ಕೇಳಿದರೆ ಕಂಪನಿಯೇ ಬದಲಾಯಿಸಿ ಕೊಡುತ್ತದೆ.

ನಾನು ಅರ್ಜಿ ಬರೆದು ಕೊಟ್ಟಿದ್ದೇನೆ, ಬಾಯಿಮಾತಿನ ಉತ್ತರ ಬೇಡ, ಬರವಣಿಗೆಯಲ್ಲೇ ಕೊಡಿ ಅಂತ ಕೇಳಿದ್ದೇನೆ. ಹಳೇ ಗಾಡಿಯೊಂದರಿಂದ ತೆಗೆದ ಮ್ಯಾನುವಲ್ ಗೇರ್‌ಬಾಕ್ಸ್ ಹೊರದೇಶದಿಂದ ಬಂದು ಎರಡು ತಿಂಗಳಾಯಿತು. ಗೋಣಿಚೀಲ ಸುತ್ತಿಕೊಂಡು ಉಸ್ತಾದರ ಶೆಡ್ಡಿನಲ್ಲಿ ಬಿದ್ದಿದೆ. ಅವರು ವಾರಕ್ಕೊಮ್ಮೆ ಫೋನ್ ಮಾಡ್ತಾರೆ.

"ಸಾಬ್, ಹಾಕ್ಲೇನು?"

"ತಡೀರಿ ಉಸ್ತಾದ್, ಕಾಗದ ಬರಲಿ."

"ಬರ್ಲಿ ಬರ್ಲಿ. ನಿಮ್ಮ ಗಾಡಿ ನಿಂತ ಜಾಗದಾಗ ನಾಕು ಆಟೊ ನಿಲ್ತಿದ್ದವು ನೋಡ್ರಿ."